ಕಂಪ್ಯೂಟರಿಗೆ ಮಾತು ಕಲಿಸಿದ ತಪ್ಪಿನ ಮೇಡಂ

ಬೆಳಗಿನ ಆರು ಗಂಟೆ. ಕಾವಲುಗಾರ ಕಾಲೇಜಿನ ಗೇಟನ್ನು ಪೂರ್ತಿ ತೆರೆದೂ ಇಲ್ಲ, ಐವತ್ತೆರಡು ವರ್ಷದ ಹೆಂಗಸೊಬ್ಬರು ಸಂದಿಯಲ್ಲೇ ನುಸುಳಿ ದಾಪುಗಾಲು ಹಾಕುತ್ತಿದ್ದಾರೆ. ಮೆಟ್ಟಿಲ ಕೆಳಗೆ, ಜನರೇಟರಿಗೆ ಅಂಟಿಕೊಂಡಿರುವ ಪುಟ್ಟ ಕೋಣೆ ಅವರದು. ಹೆಗಲ ಚೀಲವನ್ನು ಕುರ್ಚಿಗೆ ತೂಗುಹಾಕಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಹಿಂದಿನ ದಿನ ಪ್ರಯೋಗಾಲಯದ ಅರವತ್ತು ಯಂತ್ರಗಳಲ್ಲಿ ವಿದ್ಯಾರ್ಥಿಗಳು ಬರೆದ ತಪ್ಪು ಪ್ರೋಗ್ರಾಮುಗಳೆಲ್ಲ ಅಲ್ಲಿ ಸಾಲುಗಟ್ಟಿ ಕಾದಿರುತ್ತವೆ. ಇವತ್ತಿನವು ನಾನೂರ ಹದಿನೇಳು. ಎಂಟಕ್ಕೆ ಮೊದಲ ತರಗತಿ. ಅಷ್ಟರೊಳಗೆ ಎಲ್ಲದರ ಮೇಲೂ ಕಣ್ಣಾಡಿಸಿ ಮುಗಿಸಬೇಕು.

"ಈ ಹುಡುಗಿ ನೋಡಿ, ಒಂದೇ ಸಾಲನ್ನ ಹನ್ನೊಂದು ಸಲ ಅಳಿಸಿ ಬರೆದಿದ್ದಾಳೆ. ತಪ್ಪಿರೋದು ಅಲ್ಲಲ್ಲ, ಅದರ ಮೇಲಿನ ಸಾಲಲ್ಲಿ. ಪಾಪ, ಅವಳಿಗೆ ಹೇಳೋರು ಯಾರು?"

ಹೇಳಬೇಕಾದದ್ದು ಕಂಪೈಲರ್, ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡಿಕೊಡುವ ತಂತ್ರಾಂಶ. ಬರೆದದ್ದರಲ್ಲಿ ದೋಷ ಕಂಡರೆ ಅದು ಒಂದು ಸಂದೇಶ ಕೊಡುತ್ತದೆ. ಆ ಸಂದೇಶ ಮನುಷ್ಯರಿಗೆ ಅರ್ಥವಾಗಬೇಕು ಎಂದು ಪಟ್ಟು ಹಿಡಿದು ಇಪ್ಪತ್ತೆರಡು ವರ್ಷ ಸಂಶೋಧನೆ ಮಾಡಿದವರು ಇವರು. ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಇವರು 'ತಪ್ಪಿನ ಮೇಡಂ'. ಆ ಹೆಸರು ಕೇಳಿದರೆ ಮುನಿಸಿಲ್ಲ, ನಗು.

ಇದೆಲ್ಲ ಶುರುವಾದದ್ದು ಒಂದು ಓಟದಿಂದ. ಇವರು ಮೊದಲ ವರ್ಷದ ವಿದ್ಯಾರ್ಥಿನಿಯಾಗಿದ್ದಾಗ ಪರದೆಯ ಮೇಲೆ 'ಮಾರಕ ದೋಷ' ಎಂಬ ಎರಡೇ ಪದ ಮೂಡಿದವಂತೆ. ಕಂಪ್ಯೂಟರ್ ಸುಟ್ಟೇಹೋಯಿತು, ಇನ್ನು ತನ್ನ ತಲೆಗೇ ಬರುತ್ತದೆ ಎಂದು ಹೆದರಿ ಪುಸ್ತಕ ಬಿಟ್ಟು ಓಡಿದವರು ವಾರವಿಡೀ ಆ ಕಡೆ ಸುಳಿಯಲಿಲ್ಲ. ಆಗಿದ್ದು ಇಷ್ಟೇ: ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಅಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದರು. ಮಗಳ ಕಥೆ ಕೇಳಿ ಅವರಿಗೆ ಸಿಟ್ಟು ಬಂದದ್ದು ಕಂಪ್ಯೂಟರಿನ ಮೇಲೆ. "ತಪ್ಪು ಅಂತ ಗೀಟು ಹಾಕಿ ಬಿಟ್ರೆ ಆಯ್ತಾ? ಪಕ್ಕದಲ್ಲಿ ಸರಿ ಯಾವುದು ಅಂತ ಬರೀಬೇಕು. ನಾವೆಲ್ಲ ಹಾಗೇ ತಾನೇ ಮಾಡೋದು" ಎಂದರಂತೆ.

ಆ ಮಾತು ಮಗಳ ತಲೆಯಲ್ಲಿ ಕೂತುಬಿಟ್ಟಿತು. ಪಾಠ ಹೇಳುವ ಕೆಲಸ ಸಿಕ್ಕ ಮೇಲೆ ವಿದ್ಯಾರ್ಥಿಗಳ ತಪ್ಪುಗಳನ್ನು ಕೂಡಿಡಲು ಶುರುಮಾಡಿದರು. ಇವತ್ತಿಗೆ ಅವು ಮೂವತ್ತೊಂದು ಲಕ್ಷ. ಯಾವ ತಪ್ಪಿಗೆ ಜನ ಎಷ್ಟು ಹೊತ್ತು ಒದ್ದಾಡುತ್ತಾರೆ, ಯಾವ ಸಂದೇಶ ಅವರನ್ನು ದಾರಿ ತಪ್ಪಿಸುತ್ತದೆ ಎಂದು ಅಳೆದು ಪ್ರಬಂಧ ಬರೆದರೆ, ಸಂಶೋಧನಾ ಪತ್ರಿಕೆಗಳಿಂದ ಒಂಬತ್ತು ಸಲ ವಾಪಸು ಬಂತು. ವಿಭಾಗದ ಮುಖ್ಯಸ್ಥರಂತೂ, ಕಂಪ್ಯೂಟರ್ ಬೈದದ್ದನ್ನು ಎಣಿಸುವುದೂ ಒಂದು ಸಂಶೋಧನೆಯೇ ಎಂದು ತುಂಬಿದ ಸಭೆಯಲ್ಲೇ ಕೇಳಿದರು. ಎರಡು ಸಲ ಬಡ್ತಿ ಕೈತಪ್ಪಿತು. ಮೇಲಿನ ಮಹಡಿಯ ಕೋಣೆ ಹೋಗಿ ಮೆಟ್ಟಿಲ ಕೆಳಗಿನದು ಬಂತು.

"ಒಳ್ಳೇದೇ ಆಯ್ತು ಬಿಡಿ, ಲ್ಯಾಬ್ ಹತ್ತಿರ ಆಯ್ತು" ಎನ್ನುತ್ತಾರೆ, ಹಳೆಯ ಕಹಿಯನ್ನು ಕೈಬೀಸಿ ಕೊಡವಿ.

ಕಂಪೈಲರಿನ ಹೊಟ್ಟೆಯೊಳಗೆ ಕೈಹಾಕಿ ತಪ್ಪಿನ ಮೂಲ ಹುಡುಕುವ ಹೊಸ ವಿಧಾನ ಕಟ್ಟಲು ಆರು ವರ್ಷ ಹಿಡಿಯಿತು. ಜೊತೆಗೆ ಸಾವಿರದ ನೂರ ನಲವತ್ತು ಸಂದೇಶಗಳನ್ನು ಹೊಸದಾಗಿ ಬರೆದರು. ಪ್ರತಿಯೊಂದೂ ಮನೆಯಲ್ಲಿ ಅಮ್ಮನ ಕೆಂಪು ಪೆನ್ನಿನಡಿ ಹಾದು ಬಂದದ್ದೇ. ಪ್ರೋಗ್ರಾಮಿನ ಗಂಧಗಾಳಿ ಇಲ್ಲದ ಆ ಹಿರಿಜೀವಕ್ಕೆ ಅರ್ಥವಾದರೆ ಪಾಸು. ಇಲ್ಲವಾದರೆ ಮೊದಲಿನಿಂದ ಬರೆಯಬೇಕು.

ನಾಲ್ಕು ವರ್ಷದ ಹಿಂದೆ ನಿರ್ಣಾಯಕ ದಿನ ಬಂತು. ಕಾಲೇಜಿನಲ್ಲಿ ಕಲಿಸುವ ಪ್ರೋಗ್ರಾಮಿಂಗ್ ಭಾಷೆಯ ಉಸ್ತುವಾರಿ ನೋಡುವ ಹದಿಮೂರು ಮಂದಿಯ ಸಮಿತಿ ವಿಡಿಯೊ ಕರೆಯಲ್ಲಿ ಸೇರಿತ್ತು. ಅವರು ಒಪ್ಪಿದರೆ ಹೊಸ ಸಂದೇಶಗಳು ಲಕ್ಷಾಂತರ ಯಂತ್ರಗಳಿಗೆ ತಲುಪುತ್ತವೆ. ಒಪ್ಪದಿದ್ದರೆ ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಮಾಡಿದ ಹೋಮ. ಭಾಷೆಯ ವ್ಯಾಕರಣ ರೂಪಿಸಿದ, ಸಮಿತಿಯ ಅತಿ ಹಿರಿಯ ಸದಸ್ಯರೊಬ್ಬರು ವಿರೋಧಕ್ಕೆ ನಿಂತರು. ಕೆಲಸ ಬಲ್ಲವನಿಗೆ ಒಂದು ಸುಳಿವು ಸಾಕು, ಬಾಯಿಗೆ ತುತ್ತಿಡುವುದು ಬೇಕಿಲ್ಲ ಎಂಬುದು ಅವರ ವಾದ.

ತಪ್ಪಿನ ಮೇಡಂ ವಾದಕ್ಕೆ ಇಳಿಯಲಿಲ್ಲ. ನಲವತ್ತು ಸಾಲಿನ ಒಂದು ಪ್ರೋಗ್ರಾಮ್ ಕಳಿಸಿ, ಇದರ ತಪ್ಪು ಹುಡುಕಿಕೊಡಿ ಸರ್ ಎಂದು ಹಿರಿಯರನ್ನು ಕೇಳಿಕೊಂಡರು. ಹಳೆಯ ಕಂಪೈಲರ್ ಅದಕ್ಕೆ ಕೊಟ್ಟಿದ್ದ ಸಂದೇಶ 'ಮೂವತ್ತೆಂಟನೇ ಸಾಲು: ಅನಿರೀಕ್ಷಿತ ಚಿಹ್ನೆ'. ಹಿರಿಯರು ಮೂವತ್ತೆಂಟನೇ ಸಾಲನ್ನೇ ದಿಟ್ಟಿಸಿದರು. ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು. ಉಳಿದ ಹನ್ನೆರಡು ಜನ ನೋಡುತ್ತಿದ್ದಾರೆ. ಒಂಬತ್ತನೇ ನಿಮಿಷಕ್ಕೆ ಸಿಕ್ಕಿತು: ಆರನೇ ಸಾಲಿನಲ್ಲಿ ತೆರೆದ ಆವರಣ ಚಿಹ್ನೆಯನ್ನು ಮುಚ್ಚಿರಲಿಲ್ಲ.

"ಇದನ್ನ ಬರೆದಿದ್ದು ಯಾರು?" ಎಂದರು ಹಿರಿಯರು.

"ಮೊದಲನೇ ವರ್ಷದ ವಿದ್ಯಾರ್ಥಿನಿ, ಸರ್. ಒಂದೂವರೆ ಗಂಟೆ ಹುಡುಕಿದಳು, ಸಿಗಲಿಲ್ಲ. ಮಾರನೇ ವಾರ ಕೋರ್ಸೇ ಬಿಟ್ಟಳು."

ಮತಕ್ಕೆ ಹಾಕಿದಾಗ ಮೊದಲು ಮೇಲೆದ್ದ ಕೈ ಹಿರಿಯರದೇ. ಹದಿಮೂರಕ್ಕೆ ಹದಿಮೂರು.

ಸುದ್ದಿ ಕೇಳಿದ ಅಮ್ಮ, ಎಲ್ಲರೂ ಓದುವಂಥದ್ದು, ಇನ್ನೊಮ್ಮೆ ಕರಡು ನೋಡಿಬಿಡೋಣ ಎಂದು ಕೆಂಪು ಪೆನ್ನಿನ ಮುಚ್ಚಳ ತೆಗೆದರಂತೆ.

ಈಗ ಬೇರೆ ಐದು ಭಾಷೆಗಳೂ ಇದೇ ವಿಧಾನವನ್ನು ಅಳವಡಿಸಿಕೊಂಡಿವೆ. ಅದಕ್ಕೂ ಸಿಗದೆ ಉಳಿದ ತಪ್ಪುಗಳಿಗಾಗಿ ಬೆಳಗಿನ ಆರರ ಹುಡುಕಾಟ ಇನ್ನೂ ನಡೆದಿದೆ. ಇವರ ಕಾಲೇಜಿನಲ್ಲಿ ಮೂವರಲ್ಲಿ ಒಬ್ಬರು ಅರ್ಧಕ್ಕೆ ಬಿಡುತ್ತಿದ್ದ ಕೋರ್ಸನ್ನು ಈಗ ಬಿಡುವವರು ಹದಿನೈದರಲ್ಲಿ ಒಬ್ಬರು. ಬಡ್ತಿ ತಾನಾಗಿಯೇ ಬಂತು. ಹಿಂದೆ ಸಭೆಯಲ್ಲಿ ಕುಟುಕಿದ ಮುಖ್ಯಸ್ಥರು ಅದೇ ಸಭಾಂಗಣದಲ್ಲಿ ಎದ್ದುನಿಂತು, ಅವತ್ತು ತಾನು ಆಡಿದ್ದು ತಪ್ಪು ಎಂದು ಒಪ್ಪಿಕೊಂಡರು. ಅವರ ತಪ್ಪನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ ಎಂದು ಯಾರೋ ಮೇಡಂಗೆ ಹೇಳಿದ್ದಕ್ಕೆ ಇಡೀ ಸಭೆ ನಕ್ಕಿತು.

ಕಳೆದ ತಿಂಗಳು ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ತಡವರಿಸುತ್ತಿದ್ದಳು. ಮೇಡಂ ಬಗ್ಗಿ ಬಿಡಿಸಿ ಹೇಳಲು ಹೊರಟರೆ, ಅವಳು ಪರದೆಯಿಂದ ಕಣ್ಣು ಕೀಳದೆಯೇ ಅಂದಳು: "ಇರಿ ಮೇಡಂ, ನೀವು ಹೇಳೋದಕ್ಕಿಂತ ಕಂಪ್ಯೂಟರೇ ಚೆನ್ನಾಗಿ ಹೇಳ್ತಾ ಇದೆ."

ಆ ಸಂದೇಶ ಬರೆದಿದ್ದು ನಾನೇ ಎಂದು ಹೇಳಲಿಲ್ಲವೇ ಎಂದರೆ ತಪ್ಪಿನ ಮೇಡಂ ಇಲ್ಲವೆಂದು ತಲೆಯಾಡಿಸುತ್ತಾರೆ.

"ಹೇಳಿದ್ರೆ ಮತ್ತೆ ನನ್ನನ್ನೇ ಕೇಳೋಕೆ ಶುರು ಮಾಡ್ತಾಳೆ. ಈಗಾದ್ರೆ ತಾನೇ ಓದ್ತಾಳೆ, ತಾನೇ ತಿದ್ಕೋತಾಳೆ. ನನಗೆ ಬೇಕಾಗಿದ್ದೂ ಅದೇ."