ನೀಲವ್ವ ಹೊಳ್ಳಿ ಬಂದ ಕಥೆ

ಹಳಿಯಾಳದ ಒಂದು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಹೋದ ವಾರ ಒಬ್ಬ ಹುಡುಗಿ ತಾನು ಓದಿದ ಕಾದಂಬರಿಯ ಬಗ್ಗೆ ಹೇಳಲು ಎದ್ದು ನಿಂತಳು. “ಕಾದಂಬರಿ ಚೆನ್ನಾಗಿದೆ ಮೇಡಂ” ಎಂದಳು. ಮುಂದಿನ ವಾಕ್ಯಕ್ಕೆ ಮೊದಲು ನನ್ನ ಮುಖ ನೋಡಿದಳು. ನನಗೆ ಯಾವ ಅಭಿಪ್ರಾಯ ಹಿಡಿಸಬಹುದು ಎಂದು ಅಲ್ಲಿ ಹುಡುಕುತ್ತಿದ್ದಳು. ನೀವು ಎಂದಾದರೂ ಪಾಠ ಮಾಡಿದ್ದರೆ ಈ ನೋಟ ನಿಮಗೂ ಗೊತ್ತಿರುತ್ತದೆ. ನನಗೆ ಮಾತ್ರ ಅದು ದಾಂಡೇಲಿಯ ಒಂದು ಮಧ್ಯಾಹ್ನವನ್ನು ನೆನಪಿಗೆ ತಂದಿತು. ಅಂದು ನಮ್ಮ ಇಡೀ ತರಗತಿ ಒಬ್ಬ ಹೆಂಗಸಿನ ಮುಖವನ್ನು ಹೀಗೆಯೇ ನೋಡುತ್ತ ಕುಳಿತಿತ್ತು.

ಆಗ ನಾನು ದಾಂಡೇಲಿಯಲ್ಲಿ ಬಿ.ಎ. ಓದುತ್ತಿದ್ದೆ. ಕನ್ನಡಕ್ಕೆ ಪಾಟೀಲ ಸರ್ ಇದ್ದರು. ಶನಿವಾರ ಅವರ ತರಗತಿಯಲ್ಲಿ ಪಾಠವಿಲ್ಲ, ಓದಿದ ಕಾದಂಬರಿಯ ಬಗ್ಗೆ ನಾವೇ ಮಾತಾಡಬೇಕು. ಸರದಿ ಹಾಜರಿಯ ಪ್ರಕಾರ ಇರಲಿಲ್ಲ, ಬಸ್ಸಿನ ಪ್ರಕಾರ ಇತ್ತು. ಯಾರ ಬಸ್ಸು ಮೊದಲು ಬಿಡುತ್ತದೋ ಅವರ ಅಭಿಪ್ರಾಯ ಮೊದಲು. ಕುಂಬಾರವಾಡದ ದಾಮೋದರನಿಗೆ ಯಾವಾಗಲೂ ಮೊದಲ ಸ್ಥಾನ, ಅವನ ಬಸ್ಸು ತಪ್ಪಿದರೆ ಮತ್ತೊಂದನ್ನು ನಂಬುವಂತಿರಲಿಲ್ಲ. ಆಮೇಲೆ ರಾಮನಗರದ ಬಸವರಾಜ, ಆಮೇಲೆ ಹಳಿಯಾಳದ ಹುಡುಗಿಯರು. ಊರಿನವಳಾದ ನಾನು ಕಟ್ಟಕಡೆಗೆ. ನನ್ನ ಪಾಳಿ ಬರುವಷ್ಟರಲ್ಲಿ ಹೇಳಬೇಕಾದದ್ದೆಲ್ಲ ಮುಗಿದಿರುತ್ತಿತ್ತು. ಹಾಗಾಗಿ ಬೇರೆಯವರು ಹೇಳಿದ್ದನ್ನೇ ಹೊಸ ಮಾತುಗಳಲ್ಲಿ ಹೇಳುವ ಅಭ್ಯಾಸ ನನಗೆ ಬೆಳೆಯಿತು. ಈಗ ಅದರಲ್ಲೇ ನನ್ನ ಜೀವನ ನಡೆದಿದೆ.

ರೇಣುಕಾ ನಮ್ಮ ತರಗತಿಯಲ್ಲಿ ಮದುವೆಯಾದ ಒಬ್ಬಳೇ ಹುಡುಗಿ. ಮುಂಡಗೋಡ ಕಡೆಯವಳು, ತಾಯಿ ಇರಲಿಲ್ಲ. ಗಂಡ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಮನೆಯಲ್ಲಿ ನಡೆಯುತ್ತಿದ್ದುದು ಅತ್ತೆ ಗಂಗವ್ವನ ಮಾತು. ಧಾರವಾಡ ಕಡೆಯಿಂದ ಬಂದ ಗಂಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಸೊಸೆ ಕಾಲೇಜಿಗೆ ಹೋಗಲು ಅವಳು ಒಂದೇ ಕರಾರು ಹಾಕಿದ್ದಳು: “ಅಲ್ಲೆ ಏನ ಓದಸ್ತಾರೋ ಅದನ್ನ ನನ್ನ ಮುಂದೂ ಓದಬೇಕು.” ಸಂಜೆ ಗಂಗವ್ವ ಜೋಳ ಹಸನು ಮಾಡುತ್ತ ಕೂಡುವಳು, ರೇಣುಕಾ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುವಳು. ನಮ್ಮ ಮನೆ ಹಿಂದಿನ ಓಣಿಯಲ್ಲಿದ್ದುದರಿಂದ ಆ ದನಿ ಎಷ್ಟೋ ಸಲ ನನಗೂ ಕೇಳಿಸುತ್ತಿತ್ತು.

ಆ ಸೆಮಿಸ್ಟರಿಗೆ ಸರ್ ಕೊಟ್ಟದ್ದು ದೊಡ್ಡ ಮನೆಯೊಂದರ ಸೊಸೆಯ ಕಥೆ. ಅವಳ ಹೆಸರು ನೀಲವ್ವ. ವರ್ಷಗಟ್ಟಲೆ ಎಲ್ಲರ ಮಾತು ಕೇಳಿ ಕೇಳಿ, ಕೊನೆಯ ಪುಟದಲ್ಲಿ ಅವಳು ಹೊಸ್ತಿಲು ದಾಟಿ ಹೋಗಿಬಿಡುತ್ತಾಳೆ. ಎಲ್ಲಿಗೆ ಎಂದು ಲೇಖಕರು ಬರೆದಿಲ್ಲ.

ಅಷ್ಟರಲ್ಲಿ ರೇಣುಕಾಗೆ ದಿನ ತುಂಬುತ್ತ ಬಂದಿತ್ತು. ಕಾಲೇಜಿನ ಏರು ಹತ್ತಬಾರದೆಂದು ಡಾಕ್ಟರು ಹೇಳಿದ್ದರು. ಆದರೆ ಕಾದಂಬರಿಯ ಬಗ್ಗೆ ಮಾತಾಡದಿದ್ದರೆ ಆಂತರಿಕ ಅಂಕವಿಲ್ಲ. ಹೆರಿಗೆಯಾದ ಮೇಲೆ ಪರೀಕ್ಷೆಗೆ ಗಂಗವ್ವ ಕಳಿಸುತ್ತಾಳೋ ಇಲ್ಲವೋ ಅದೂ ಗೊತ್ತಿಲ್ಲ. ಗಂಡನನ್ನು ಕೇಳಿದರೆ “ಅವ್ವ ಹೂಂ ಅಂದ್ರ ನಂದೂ ಹೂಂ” ಎನ್ನುತ್ತಿದ್ದ. ಇಲ್ಲಿಗೇ ಓದು ನಿಂತರೆ ಮತ್ತೆ ಶುರುವಾಗುವುದಿಲ್ಲ ಎಂದು ರೇಣುಕಾ ನನಗೆ ಹೇಳಿದ್ದಳು. ಅವಳ ಅಕ್ಕನ ಓದು ಹಾಗೆಯೇ ನಿಂತಿತ್ತು.

“ಅಕಿ ಬರಾಕ ಆಗಂಗಿಲ್ಲಂದ್ರ ತರಗತೀನ ಅಲ್ಲಿಗೆ ಹೋಗ್ಲಿ” ಎಂದರು ಪಾಟೀಲ ಸರ್.

ಹೋದೆವು. ಗಂಗವ್ವ ಚಾಪೆ ಹಾಸಿದ್ದಳು. “ಬರ್ರಿ ಸರ, ಕುಂದರ್ರಿ. ಏ ತಮ್ಮಾ, ಬಾಗಲದಾಗ ಯಾಕ ನಿಂತಿ, ಸಾಲಾ ಕೇಳಾಕ ಬಂದಾವ್ರಂಗ?” ಎಂದು ಬಸವರಾಜನನ್ನು ಒಳಗೆ ಕರೆದಳು. ಎಲ್ಲರ ಕೈಗೂ ಒಗ್ಗರಣೆ ಅವಲಕ್ಕಿಯ ತಾಟು ಬಂತು. ಆಮೇಲೆ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ಕುಳಿತಳು.

ಮನೆ ಬದಲಾದರೂ ಸರದಿ ಬದಲಾಗಲಿಲ್ಲ. ದಾಮೋದರ ಎದ್ದ. ಅವನ ಮನೆಮಾತು ಕೊಂಕಣಿ, ಕನ್ನಡವನ್ನು ಪುಸ್ತಕದಲ್ಲಿ ಇದ್ದ ಹಾಗೆಯೇ ಮಾತಾಡುತ್ತಿದ್ದ. “ನೀಲವ್ವ ಮನೆ ಬಿಟ್ಟು ಹೋದದ್ದು ಸರಿ ಸರ್. ಆದರೆ ಎಲ್ಲಿಗೆ ಹೋಗುತ್ತೇನೆ ಎಂದು ಯಾರಿಗಾದರೂ ಹೇಳಿ ಹೋಗಬೇಕಿತ್ತು.”

“ಬಿಟ್ಟು ಹೋದ್ಳಾ?” ಬಾಗಿಲ ಕಡೆಯಿಂದ ಗಂಗವ್ವನ ದನಿ ಬಂತು. “ಇಲ್ಲಪಾ ತಮ್ಮಾ. ಓಣಿ ದಾಟೂದ್ರಾಗ ಮನಸ್ಸ ತಡೀಲಾರದ ಹೊಳ್ಳಿ ಬಂದ್ಳಲ್ಲ. ನೀ ಪೂರಾ ಓದಿಲ್ಲೇನು?”

ನಾವೆಲ್ಲ ರೇಣುಕಾಳ ಕಡೆ ನೋಡಿದೆವು. ಅವಳು ನೆಲ ನೋಡುತ್ತಿದ್ದಳು, ಕಿವಿ ಕೆಂಪಾಗಿದ್ದವು. ಅವಳು ಅತ್ತೆಗೆ ಓದಿ ಹೇಳಿದ ಕೊನೆ ಬೇರೆ ಎಂದು ತಿಳಿಯಲು ನಮಗೆ ಹೊತ್ತು ಹಿಡಿಯಲಿಲ್ಲ. ದಾಮೋದರ ಮಾತ್ರ, ಪ್ರಾಮಾಣಿಕ ಮನುಷ್ಯ, ಪುಟ ತೋರಿಸಲು ಪುಸ್ತಕ ತೆರೆಯತೊಡಗಿದ. ಬಸವರಾಜ ಅದರ ಮೇಲೆ ಕೈಯಿಟ್ಟ.

“ಹೌದ್ರಿ ಕಾಕು, ಹೊಳ್ಳಿ ಬರ್ತಾಳ. ಇಂವಗ ದಿನಾ ಬಸ್ಸ ತಪ್ಪತೈತಿ, ಹಂಗ ಕಡೀ ಪುಟಾನೂ ತಪ್ಪೇತಿ.”

ಗಂಗವ್ವ ನಕ್ಕಳು. ಅಲ್ಲಿಂದ ನಾವು ಇಲ್ಲದ ಪುಟದ ಬಗ್ಗೆ ಮಾತಾಡಿದೆವು. ನೀಲವ್ವ ಮರಳಿ ಬಂದದ್ದು ಅವಳ ದೊಡ್ಡತನ ಎಂದ ಬಸವರಾಜ. ಮಕ್ಕಳ ಮುಖ ನೆನಪಾಗಿ ಬಂದಳು ಎಂದರು ಹಳಿಯಾಳದವರು. ನನ್ನ ಪಾಳಿ ಬಂದಾಗ, ಎಂದಿನಂತೆ, ಹೇಳಲು ಏನೂ ಉಳಿದಿರಲಿಲ್ಲ. ಬಾಗಿಲಿಗೆ ಬಂದು ನಿಂತ ಸೊಸೆಗೆ ಅತ್ತೆ ಒಂದು ತಂಬಿಗೆ ಮಜ್ಜಿಗೆ ಕೊಡುವ ಸನ್ನಿವೇಶ ನನ್ನ ಕಣ್ಣು ತೇವ ಮಾಡಿತು ಎಂದೆ. ಪಾಟೀಲ ಸರ್ ತಲೆಯೆತ್ತಿ ನನ್ನನ್ನು ನೋಡಿದರು. ಪುಸ್ತಕದ ಒಂದು ಶಬ್ದ ಆಚೀಚೆಯಾದರೂ ಸಹಿಸದ ಮನುಷ್ಯ, ಏನೂ ಅನ್ನದೆ ಅಂಕ ಬರೆದುಕೊಂಡರು.

ಮಾತು ಬೇರೆ ಕಡೆ ಹೊರಳಲಿ ಎಂದೋ ಏನೋ, ಅವರು ಕೇಳಿದರು. “ಗಂಗವ್ವಾರ, ನೀವೂ ಕೇಳೀರಿ. ನಿಮಗೇನ ಅನಸ್ತು?”

“ಎಲ್ಲಾ ಚಲೋ ಐತ್ರಿ ಸರ. ಕಡೀಕ ಕೆಡಿಸ್ಯಾರ ನೋಡ್ರಿ.” ಅವಳು ಸೆರಗು ಸರಿಮಾಡಿಕೊಂಡಳು. “ಹೊಸ್ತಿಲಾ ದಾಟೂ ಮುಂದ ಅಕಿ ಕಾಲ ನಡಗಿಲ್ಲಂತ. ಕಾಲ ನಡಗಲಾರದಾಕಿ ಹೊಳ್ಳಿ ಬರಂಗಿಲ್ರಿ. ಬರದಾವ್ರಿಗೆ ಅಷ್ಟು ತಿಳೀಬೇಕಿತ್ತು. ಕೇಳಿದ ದಿನದಿಂದ ನನಗ ಸಮಾಧಾನನ ಇಲ್ಲ.”

ರೇಣುಕಾ ನೆಲದಿಂದ ಕಣ್ಣೆತ್ತಿದಳು. ಮೆಲ್ಲಗೆ ಹೇಳಿದಳು. “ಅಕಿ ಬಂದಿಲ್ರಿ ಅತ್ತಿ. ನಾನ ಹಂಗ ಓದಿದೆ.”

“ಯಾಕ?”

“ಬಾಜೂ ಮನಿಯಾಕಿ ಅಂದ್ಳಲ್ಲರಿ, ಇಂಥಾವು ಓದಿ ಹುಡುಗ್ಯಾರು ಕೆಡತಾರಂತ. ನೀವು ಸುಮ್ಮನ ಇದ್ರಿ. ನನ್ನ ಓದ ಬಿಡಸ್ತೀರಿ ಅಂತ ತಿಳಕೊಂಡೆ.”

ಗಂಗವ್ವ ಅವಳನ್ನು ಬಯ್ಯಲಿಲ್ಲ. ನಮ್ಮ ಕಡೆ ತಿರುಗಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. “ನೀವೆಲ್ಲಾರೂ ಹೊಳ್ಳಿ ಬಂದ್ಳು ಅಂದ್ರೆಲ್ಲ” ಎಂದಳು. “ಇಷ್ಟು ಮಂದಿ ಕೂಡಿ.”

ದನಿ ಏರಿರಲಿಲ್ಲ. ಎದ್ದು ಒಳಗೆ ಹೋದಳು. ನಮ್ಮ ಕೈಯ ತಾಟುಗಳಲ್ಲಿ ಅವಲಕ್ಕಿ ಹಾಗೆಯೇ ಇತ್ತು. ತಿನ್ನಲೂ ಆಗದೆ, ಕೆಳಗಿಡಲೂ ಆಗದೆ ಸ್ವಲ್ಪ ಹೊತ್ತು ಕುಳಿತು, ಕೊನೆಗೆ ಇಟ್ಟು ಬಂದೆವು. ಆ ಹುಡುಗಿಯ ಓದು ಉಳಿಯಲಿ ಎಂದು ಮಾಡಿದ್ದು ಅದನ್ನೇ ಮುಗಿಸಿತು ಎಂದು ನಾನು ನಂಬಿದೆ. ಸಂಜೆ ಆ ಮನೆಯಿಂದ ಓದುವ ದನಿ ಕೇಳಿಸದಾಯಿತು.

ಕೆಲವು ದಿನಗಳ ನಂತರ ಗಂಗವ್ವ ನನಗೆ ಹೇಳಿ ಕಳಿಸಿದಳು. ಹೋದಾಗ ರೇಣುಕಾ ಗೋಡೆಗೆ ಒರಗಿ ಕುಳಿತಿದ್ದಳು. ಅತ್ತೆ ಸೊಸೆಯ ನಡುವೆ ಮಾತಿರಲಿಲ್ಲ ಎನ್ನುವುದು ಒಳಗೆ ಕಾಲಿಟ್ಟ ಕೂಡಲೇ ಗೊತ್ತಾಯಿತು. ಗಂಗವ್ವ ಪುಸ್ತಕವನ್ನು ನನ್ನ ಮುಂದೆ ಇಟ್ಟಳು.

“ಅಕಿ ಎಲ್ಲಿಗೆ ಹೋದ್ಳು ಅಂತ ಕೇಳಿದೆ. ಬರದಿಲ್ಲ ಅಂತಾಳ. ನಾ ಹೆಂಗ ನಂಬಲಿ? ನೀ ಓದು.”

ಕೊನೆಯ ಪುಟ ಓದಿದೆ. ಒಂದು ಶಬ್ದವನ್ನೂ ಬಿಡಲಿಲ್ಲ. ನೀಲವ್ವ ಓಣಿಯ ತುದಿ ದಾಟಿದಳು, ಕಥೆ ನಿಂತಿತು. ಗಂಗವ್ವ ಪುಸ್ತಕ ತೆಗೆದುಕೊಂಡು ಹಾಳೆ ತಿರುವಿದಳು. ಆ ಕಡೆ ಖಾಲಿ ಇತ್ತು. ಅದರ ಮೇಲೆ ಅಂಗೈ ಆಡಿಸಿದಳು.

“ಖರೇನ ಏನೂ ಇಲ್ಲ.”

“ಇಲ್ಲರಿ.”

ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ, ತಲೆಯೆತ್ತದೆ, ಸೊಸೆಯನ್ನು ಕೇಳಿದಳು. “ಪರೀಕ್ಷಾ ಯಾವಾಗ ಐತಿ?”

ರೇಣುಕಾ ಗೋಡೆ ಬಿಟ್ಟು ನೆಟ್ಟಗೆ ಕುಳಿತಳು. “ಕೂಸ ಹುಟ್ಟಿದ ಮ್ಯಾಲ ಬರ್ತೈತ್ರಿ.”

“ಬರ್ಲಿ. ಕೂಸಿನ್ನ ನಾ ಹಿಡಕೊಂತೇನಿ. ಆದ್ರ ಒಂದ ಮಾತು ರೇಣುಕಾ. ನನ್ನ ಮುಂದ ಓದೂ ಮುಂದ ಕಣ್ಣ ಪುಟದ ಮ್ಯಾಲ ಇರಲಿ. ನನ್ನ ಮಾರಿ ಮ್ಯಾಲ ಬ್ಯಾಡ.”

ರೇಣುಕಾ ಅತ್ತಳು. ನಾನು ಹೊರಡಲು ಎದ್ದೆ. ಗಂಗವ್ವ ಬಾಗಿಲತನಕ ಬಂದಳು. “ಹಂಗಾರ ಆ ಮಜ್ಜಿಗಿ ಕೊಟ್ಟದ್ದೂ ಇಲ್ಲೇನು?”

“ಇಲ್ರಿ.”

“ಚಲೋ ಹೇಳಿದ್ದಿ ಬಿಡು” ಎಂದಳು. ಅದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ. ಅಂದು ರೇಣುಕಾ ಆಡಿದಷ್ಟು ಮಾತಿಗೇ ಪಾಟೀಲ ಸರ್ ಅವಳಿಗೆ ಆಂತರಿಕ ಅಂಕ ಕೊಟ್ಟಿದ್ದರು. ಅವಳು ಪರೀಕ್ಷೆ ಬರೆದಳು, ಪಾಸಾದಳು.

ನಿನ್ನೆ ನಮ್ಮ ವಿಭಾಗದಲ್ಲಿ ಮುಂದಿನ ಸೆಮಿಸ್ಟರಿಗೆ ಯಾವ ಕಾದಂಬರಿ ಕೊಡಬೇಕು ಎಂಬ ಮಾತು ನಡೆಯಿತು. ನಡುವಯಸ್ಸಿನ ವಿಧವೆಯೊಬ್ಬಳು ಮತ್ತೆ ಮದುವೆಯಾಗುವ ಕಥೆಯೊಂದನ್ನು ನಾನು ಹೇಳಿದೆ. ಸಹೋದ್ಯೋಗಿಯೊಬ್ಬರು ತಲೆ ಅಲ್ಲಾಡಿಸಿದರು. “ಬ್ಯಾಡ್ರಿ ಮೇಡಂ. ನಮ್ಮ ಮಕ್ಕಳು ಹಳ್ಳಿಯಿಂದ ಬರ್ತಾರ. ಮನಿಯವ್ರು ಸುಮ್ಮನಿರ್ತಾರೇನು?”

ಇಂಥ ಮಾತಿಗೆ ಹಿಂದೆಲ್ಲ ನಾನು ಹೌದೆಂದು ಇನ್ನೊಂದು ಪುಸ್ತಕದ ಹೆಸರು ಹೇಳುತ್ತಿದ್ದೆ. ನಿನ್ನೆ ಹೇಳಲಿಲ್ಲ. “ಮನಿಯವ್ರನ್ನ ಯಾರಾದ್ರೂ ಕೇಳೀರೇನ್ರಿ?” ಎಂದೆ.

ಅವರು ನಕ್ಕರು. ಉತ್ತರಕ್ಕಾಗಿ ನಾನು ಕಾಯುತ್ತಿದ್ದೇನೆ ಎಂದು ತಿಳಿದ ಮೇಲೆ ನಗು ನಿಲ್ಲಿಸಿ, ಪುಸ್ತಕ ಒಮ್ಮೆ ಕೊಡಿ, ಓದಿ ನೋಡುತ್ತೇನೆ ಎಂದರು. ಕೊಟ್ಟಿದ್ದೇನೆ. ಮನೆಗೆ ಒಯ್ದಿದ್ದಾರೆ.