ಎಡಗಿವಿಯ ಸಂಗತಿ

ನನಗೆ ಎಡಗಿವಿ ಕೇಳಿಸುವುದಿಲ್ಲ. ಈಗ ಇದನ್ನು ಹೇಳುವುದು ನನ್ನ ಊರು ಯಾವುದೆಂದು ಹೇಳಿದಷ್ಟೇ ಸಲೀಸು. ಆದರೆ ಡಿಗ್ರಿ ಮುಗಿಯುವವರೆಗೂ ಈ ಮಾತು ನಮ್ಮ ಮನೆಯ ಹೊಸ್ತಿಲು ದಾಟಿರಲಿಲ್ಲ.

ಅಪ್ಪ ಬೀದರ್ ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಬಂದು ಕೂಕಟ್‌ಪಲ್ಲಿಯಲ್ಲಿ ಟೇಲರ್ ಅಂಗಡಿ ಇಟ್ಟವರು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತೆಲುಗು, ಅಪ್ಪನ ಅಂಗಡಿಯಲ್ಲಿ ಹಿಂದಿ. ಪ್ರೈಮರಿ ಶಾಲೆಯಲ್ಲಿದ್ದಾಗ ನನ್ನ ಎಡಗಿವಿ ಸೋರತೊಡಗಿತು. ಅವ್ವ ಹತ್ತಿ ಇಟ್ಟಳು, ಅವರಿವರು ಹೇಳಿದ ಔಷಧ ಮಾಡಿದಳು. ಒಂದು ದಿನ ಸುಡುವ ಜ್ವರ ಬಂದು ಕಿವಿಯ ಹಿಂಭಾಗ ನಿಂಬೆಹಣ್ಣಿನಷ್ಟು ಊದಿಕೊಂಡಾಗ ಸರ್ಕಾರಿ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಕಿವಿಯ ಹಿಂದಿನ ಎಲುಬು ಕೊರೆದು ಕೀವು ತೆಗೆದರಂತೆ. ನಾನು ಉಳಿದೆ, ಕಿವಿ ಉಳಿಯಲಿಲ್ಲ. ಗಾಯದ ಕಲೆ ಕೂದಲಿನ ಕೆಳಗೆ ಮುಚ್ಚಿಹೋಯಿತು.

ಅದು ಕಾಣುವುದಿಲ್ಲ ಎನ್ನುವುದೇ ಅವ್ವನಿಗೆ ದೊಡ್ಡ ಸಮಾಧಾನ. ಶಾಲೆಗೆ ಹೋಗುವಾಗ, ಮದುವೆ ಮುಂಜಿಗಳಿಗೆ ಹೋಗುವಾಗ ನನಗೊಂದೇ ಪಾಠ: “ಸಾಲಿನ್ಯಾಗ ಎಡಕ್ಕ ಕಡೀಗಿ ಕುಂದ್ರು. ಮಾತಾಡೋರೆಲ್ಲಾ ನಿನ್ನ ಬಲಕ್ಕೇ ಬರ್ತಾರ.” ನಾನು ಹಾಗೇ ಕುಳಿತೆ. ಅರ್ಧ ಕೇಳಿಸಿದ ಮಾತಿಗೆ ತುಟಿ ನೋಡಿ ನಕ್ಕೆ. ಎಡಗಡೆಯಿಂದ ಕರೆದರೆ ತಿರುಗದ್ದಕ್ಕೆ ಗೆಳತಿಯರು ನನಗೆ ಗತ್ತು ಎಂದರು. ಕಿವುಡಿ ಎನ್ನಿಸಿಕೊಳ್ಳುವುದಕ್ಕಿಂತ ಗತ್ತಿನವಳೆನ್ನಿಸಿಕೊಳ್ಳುವುದು ವಾಸಿ ಎಂದು ಸುಮ್ಮನಿದ್ದೆ.

ಬಿ.ಎಸ್ಸಿ. ಮುಗಿಸಿದಾಗ ನಗರದ ಅಂಚಿನ ಮಾದಾಪುರದ ಬಂಡೆಗಲ್ಲುಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಪ್ರೋಗ್ರಾಂ ಬರೆಯಲು ಬಾರದ ನನ್ನಂಥವರಿಗೂ ಕಂಪ್ಯೂಟರಿನ ಮುಂದೆ ಒಂದು ಕೆಲಸವಿತ್ತು. ಅಮೆರಿಕದ ವೈದ್ಯರು ರೋಗಿಯನ್ನು ನೋಡಿದ ಮೇಲೆ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಇಲ್ಲಿ ನಾವು ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ ಟೈಪ್ ಮಾಡಿ ಕಳಿಸಬೇಕು. ಅದನ್ನು ಕಲಿಸುವ ಕೋಚಿಂಗ್ ಸೆಂಟರೊಂದು ದಿಲ್‌ಸುಖ್‌ನಗರದಲ್ಲಿತ್ತು. ಎರಡು ಬಸ್ಸು ಬದಲಿಸಿ ದಿನಾ ಹೋದೆ.

ಕಿವಿಯೇ ಬಂಡವಾಳವಾದ ಕೆಲಸಕ್ಕೆ ಒಂದೇ ಕಿವಿಯವಳು ಯಾಕೆ ಹೋದಳು ಎಂದು ಯಾರಾದರೂ ಕೇಳಬಹುದು. ಹೆಡ್‌ಫೋನ್ ಹಾಕಿಕೊಂಡ ಮೊದಲ ದಿನವೇ ನನಗೆ ಉತ್ತರ ಸಿಕ್ಕಿತ್ತು. ವೈದ್ಯರ ದನಿ ನೇರ ನನ್ನ ಬಲಗಿವಿಯೊಳಗೆ ಇಳಿಯುತ್ತಿತ್ತು. ಮುಖ ತಿರುಗಿಸಬೇಕಿಲ್ಲ, ತುಟಿ ನೋಡಬೇಕಿಲ್ಲ, ಸಾಲಿನಲ್ಲಿ ಎಲ್ಲಿ ಕುಳಿತರೂ ಒಂದೇ. ಕಾಲಡಿಯ ಪೆಡಲ್ ಒತ್ತಿದರೆ ಅದೇ ಮಾತನ್ನು ಆ ಮನುಷ್ಯ ಬೇಸರವಿಲ್ಲದೆ ಮತ್ತೆ ಹೇಳುತ್ತಿದ್ದ. “ಏನಂದ್ರಿ?” ಎಂದು ಕೇಳುವ ಅವಮಾನವೇ ಇಲ್ಲ. ಕ್ಲಾಸಿನಲ್ಲಿ ನಾನು ಮುಂದಿದ್ದೆ.

ಒಂದು ಮಧ್ಯಾಹ್ನ ಎಲ್ಲರೂ ಟಕಟಕ ಟೈಪ್ ಮಾಡುತ್ತಿದ್ದರೆ ನಾನು ಕೈಕಟ್ಟಿ ಕುಳಿತಿದ್ದೆ. ನನ್ನ ಟೇಪು ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದೆ. ಪಕ್ಕದ ಗೆಳತಿ, ಮೈಸೂರಿನಿಂದ ಬಂದು ಹಾಸ್ಟೆಲಿನಲ್ಲಿದ್ದವಳು, ಮೊಣಕೈಯಿಂದ ತಿವಿದಳು. ನನ್ನ ಹೆಡ್‌ಫೋನಿನ ಬಲಭಾಗದ ತಂತಿ ಕಡಿದುಹೋಗಿತ್ತು. ಎಡಭಾಗ ಮಾತಾಡುತ್ತಲೇ ಇತ್ತಂತೆ.

ಕ್ಲಾಸು ಬಿಟ್ಟ ಮೇಲೆ ಬಸ್ ಸ್ಟಾಪಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ. ಹೊರಗಿನವರೊಬ್ಬರಿಗೆ ಹೇಳಿದ್ದು ಅದೇ ಮೊದಲು.

“ಅಯ್ಯೋ, ಇಂಟರ್‌ವ್ಯೂನಲ್ಲಿ ಮಾತ್ರ ಬಾಯಿ ಬಿಡ್ಬೇಡ ಕಣೇ,” ಎಂದಳು ಅವಳು. “ಕಿವಿ ಒಳಗೆ ಯಾರು ಇಣುಕಿ ನೋಡ್ತಾರೆ? ಸೇರ್ಕೊಂಡ ಮೇಲೆ ನೋಡ್ಕೊಂಡ್ರಾಯ್ತು.”

“ಕೆಲಸದಲ್ಲಿದ್ದಾಗ ಇವತ್ತಿನ ಹಾಗೆ ಆದರೆ?”

“ಆದಾಗ ನೋಡೋಣ.”

ನನಗೆ ಸಮಾಧಾನವಾಗಲಿಲ್ಲ. ನಾವು ಟೈಪ್ ಮಾಡುತ್ತಿದ್ದ ಪ್ರತಿ ವರದಿಯೂ ರೋಗಿಗೆ ಹಿಂದೆ ಏನೇನು ಆಗಿತ್ತು ಎಂಬಲ್ಲಿಂದ ಶುರುವಾಗುತ್ತಿತ್ತು. ಹಿಂದಿನ ಪೆಟ್ಟು, ಹಿಂದಿನ ಆಪರೇಷನ್, ಒಗ್ಗದ ಔಷಧ. ಕಾಣದ ದೇಶದ ಮುದುಕಿಯೊಬ್ಬಳು ತನ್ನ ವೈದ್ಯನಿಗೆ ಎಲ್ಲವನ್ನೂ ಬಿಚ್ಚಿ ಹೇಳಿದ್ದರಿಂದ ಅವಳಿಗೆ ಸರಿಯಾದ ಮದ್ದು ಸಿಗುತ್ತಿತ್ತು. ಅದನ್ನು ಬರೆಯುವವಳು ನಾನು. ನನ್ನದನ್ನು ಮಾತ್ರ ಬಚ್ಚಿಟ್ಟು ಬರೆಯುವುದು ಹೇಗೆ?

ಮೊದಲ ಸಂದರ್ಶನದಲ್ಲಿ, ಆರೋಗ್ಯದ ತೊಂದರೆ ಏನಾದರೂ ಇದೆಯೇ ಎಂದು ಕೇಳಿದಾಗ, ಇದ್ದದ್ದು ಇದ್ದಹಾಗೆ ಹೇಳಿದೆ. ಎದುರಿಗಿದ್ದ ಹೆಂಗಸಿನ ಮುಖ ಮೆತ್ತಗಾಯಿತು. “ಪಾಪ,” ಎಂದರು. ಆಮೇಲೆ ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ. ನನ್ನ ಮೈಸೂರಿನ ಗೆಳತಿ ಅಲ್ಲಿ ಆಯ್ಕೆಯಾದಳು. ಅವಳಿಗೆ ಸಿಕ್ಕಿದ್ದು ನ್ಯಾಯವಾಗಿಯೇ ಇತ್ತು, ಆದರೂ ಆ ದಿನ ಅವಳು ಹಂಚಿದ ಸಿಹಿಯನ್ನು ಬಾಯಿಗಿಡದೆ ಚೀಲಕ್ಕೆ ಹಾಕಿಕೊಂಡೆ.

ಮನೆಯಲ್ಲಿ ಅವ್ವ ಸಿಡಿಮಿಡಿಗೊಂಡಳು. “ನಾ ಬಡಕೊಂಡೆ. ಹೇಳಬ್ಯಾಡ, ಹೇಳಬ್ಯಾಡ ಅಂತ. ಹೇಳಿದ್ರ ಯಾರು ನೌಕರಿ ಕೊಡ್ತಾರ?”

ಅಪ್ಪ ಮಷಿನ್ನಿನಿಂದ ತಲೆ ಎತ್ತದೆ ಹೇಳಿದರು: “ಬಟ್ಟ್ಯಾಗ ತೂತಿದ್ರ ಕತ್ತರಿ ಹಾಕೂ ಮೊದಲ ಗಿರಾಕಿಗಿ ತೋರಸಬೇಕು. ಹೊಲಿದ ಮ್ಯಾಲ ತೋರಸಿದ್ರ ಜಗಳ.”

“ನನ್ನ ಮಗಳು ಬಟ್ಟಿ ಅಲ್ಲರಿ!” ಎಂದು ಅವ್ವ ಕೂಗಿದಳು. ಅಪ್ಪ ಮತ್ತೆ ಮಷಿನ್ ತುಳಿಯತೊಡಗಿದರು. ನನಗೆ ಇಬ್ಬರ ಮಾತೂ ಸರಿಯೆನ್ನಿಸಿತು.

ಎರಡನೇ ಕರೆ ಬಂದದ್ದು ಹಿಮಾಯತ್‌ನಗರದಿಂದ. ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಸಣ್ಣ ಕಂಪನಿ. ಆಯ್ಕೆ ಮಾಡುವವರು ನಿವೃತ್ತರಾದ ಒಬ್ಬ ಮುದಿ ಡಾಕ್ಟರು; ಅಲ್ಲಿ ಹೊಸಬರಿಗೆ ಕಲಿಸುವವರೂ ಅವರೇ. ಬಂದವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಪರೀಕ್ಷೆಗೆ ಹೆಡ್‌ಫೋನ್ ಹಂಚತೊಡಗಿದರು. ನನ್ನ ಸರದಿ ಬರುವ ಮೊದಲೇ ಎದ್ದು ನಿಂತೆ. ಈ ಸಲ ಅವರು ಕೇಳುವವರೆಗೆ ಕಾಯಬಾರದೆಂದು ಬಸ್ಸಿನಲ್ಲಿ ಬರುವಾಗಲೇ ನಿಶ್ಚಯಿಸಿಕೊಂಡಿದ್ದೆ.

“ಸರ್, ನನಗೆ ಎಡಗಿವಿ ಕೇಳಿಸುವುದಿಲ್ಲ,” ಎಂದು ತೆಲುಗಿನಲ್ಲಿ ಹೇಳಿದೆ.

ಕೋಣೆಯ ತಲೆಗಳೆಲ್ಲ ತಿರುಗಿದವು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, “ಎಂದಿನಿಂದ? ಏನಾಗಿತ್ತು?” ಎಂದರು. ಅವರ ದನಿಯಲ್ಲಿ ‘ಪಾಪ’ ಇರಲಿಲ್ಲ. ರೋಗಿಯನ್ನು ಕೇಳುವ ದನಿ ಅದು. ಅದಕ್ಕೇ ಇರಬೇಕು, ನನಗೂ ವರದಿಯ ಧಾಟಿಯೇ ಬಂತು. ಯಾವ ವಯಸ್ಸಿನಲ್ಲಿ ಸೋರಿಕೆ ಶುರುವಾಯಿತು, ಊತ ಎಲ್ಲಿತ್ತು, ಯಾವ ಎಲುಬನ್ನು ಕೊರೆದರು, ಈಗ ಬಲಗಿವಿ ಹೇಗಿದೆ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ.

“ಡಿಕ್ಟೇಷನ್ ಚೆನ್ನಾಗಿದೆ,” ಎಂದು ಅವರು ನಕ್ಕರು. “ಈಗ ನಿನಗೇನು ಬೇಕು?”

“ಬಲಭಾಗ ಸರಿಯಾಗಿ ಕೇಳಿಸುವ ಹೆಡ್‌ಫೋನ್ ಬೇಕು. ಬೇರೇನೂ ಬೇಡ.”

ಅವರು ಎರಡು ಮೂರು ಹೆಡ್‌ಫೋನುಗಳನ್ನು ತಮ್ಮ ಕಿವಿಗೇ ಇಟ್ಟು ನೋಡಿ, ಒಂದನ್ನು ಆರಿಸಿ ನನ್ನ ಕೈಗೆ ಕೊಟ್ಟರು.

ಟೇಪಿನಲ್ಲಿದ್ದ ವೈದ್ಯರು ಗಡಿಬಿಡಿಯವರು. ಎದೆನೋವಿನ ರೋಗಿಯೊಬ್ಬನ ಸಂಗತಿ. ಔಷಧದ ಪ್ರಮಾಣ ಹೇಳುವ ಜಾಗದಲ್ಲೇ ಅವರಿಗೆ ಕೆಮ್ಮು ಬಂತು. ಫಿಫ್ಟೀನೋ ಫಿಫ್ಟಿಯೋ, ಹದಿನೈದೋ ಐವತ್ತೋ ತಿಳಿಯಲಿಲ್ಲ. ಪೆಡಲ್ ಒತ್ತಿ ಒತ್ತಿ ಕೇಳಿದೆ. ಸುತ್ತ ಎಲ್ಲರ ಬೆರಳೂ ಓಡುತ್ತಿದ್ದವು. ಏನಾದರೊಂದು ಹಾಕಿ ಮುಂದೆ ಹೋಗು ಎಂದು ಮನಸ್ಸು ಹೇಳಿತು. ಕಿವಿಯ ದೋಷವೆಂದು ತಿಳಿದುಕೊಂಡಾರು ಎಂಬ ಭಯವೂ ಇತ್ತು. ಆದರೂ ಅಲ್ಲಿ ಗೆರೆ ಎಳೆದು ಖಾಲಿ ಬಿಟ್ಟೆ. ಕೇಳಿಸಲಿಲ್ಲ, ಮತ್ತೊಬ್ಬರು ಕೇಳಿ ನೋಡಬೇಕು ಎಂದು ಪಕ್ಕದಲ್ಲಿ ಬರೆದೆ.

ಡಾಕ್ಟರು ಎಲ್ಲರ ಹಾಳೆಗಳನ್ನೂ ನೋಡಿದರು. ಕೆಲವರು ಹದಿನೈದು ಎಂದಿದ್ದರು, ಕೆಲವರು ಐವತ್ತು. ಖಾಲಿ ಬಿಟ್ಟವರು ನಾನು ಮತ್ತು ಮೂಲೆಯಲ್ಲಿದ್ದ ಇನ್ನೊಬ್ಬ ಹುಡುಗಿ.

“ಈ ಟೇಪನ್ನು ನಾನೂ ಬಹಳ ಸಲ ಕೇಳಿದ್ದೇನೆ,” ಎಂದರು ಅವರು. “ನನಗೂ ಇಂದಿನವರೆಗೆ ಗೊತ್ತಾಗಿಲ್ಲ. ಗೊತ್ತಾಗದ್ದನ್ನು ಊಹಿಸಿ ಬರೆದರೆ ರೋಗಿ ಸಾಯಬಹುದು.” ಆಮೇಲೆ ನನ್ನ ಕಡೆ ತಿರುಗಿದರು. “ನಿನ್ನ ಸ್ಪೀಡ್ ಸಾಲದು. ಅದನ್ನು ಏರಿಸಿಕೊಳ್ಳಬೇಕು. ಸೋಮವಾರ ಬಾ.”

ಮೆಟ್ಟಿಲು ಇಳಿದು ಬೀದಿಗೆ ಬಂದರೆ ಹಿಮಾಯತ್‌ನಗರದ ಗದ್ದಲವೆಲ್ಲ ನನ್ನ ಬಲಗಡೆಯಿಂದ ನುಗ್ಗಿತು. ಇರಾನಿ ಚಹಾದ ಅಂಗಡಿಗೆ ಒಬ್ಬಳೇ ಹೋಗಿ ಕುಳಿತೆ, ಜೀವನದಲ್ಲಿ ಮೊದಲ ಸಲ. ಕೆಲಸ ಸಿಕ್ಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ತುಂಬಿದ ಕೋಣೆಯಲ್ಲಿ ಎದ್ದು ನಿಂತು ಹೇಳಿದ್ದೆನಲ್ಲ, ಅದನ್ನೇ ನೆನೆನೆನೆದು ಹಿಗ್ಗಿದೆ. ಆಯ್ಕೆಯಾಗದಿದ್ದರೂ ಆ ಚಹಾ ಕುಡಿದೇ ಹೋಗುತ್ತಿದ್ದೆನೆಂದು ಕಾಣುತ್ತದೆ.

ಅವ್ವ ನಂಬಲಿಲ್ಲ. “ಖರೇನ ಹೇಳಿದ್ಯಾ? ಹೇಳಿದ ಮ್ಯಾಲೂ ಕೊಟ್ರಾ?” ಎಂದು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಹೌದು ಎಂದಾಗ, ಹಿಟ್ಟಿನ ಕೈಯಲ್ಲೇ ನನ್ನ ಎಡಗಿವಿ ಹಿಡಿದು ಮುಖ ತನ್ನತ್ತ ತಿರುಗಿಸಿಕೊಂಡು ನೋಡುತ್ತಲೇ ನಿಂತಳು.

ಸ್ಪೀಡ್ ಏರಲು ಮಳೆಗಾಲ ಪೂರ್ತಿ ಹಿಡಿಯಿತು. ಆಫೀಸಿನಲ್ಲಿ ನನ್ನೊಡನೆ ಮಾತಾಡುವವರು ತಾವಾಗಿಯೇ ಸುತ್ತು ಹಾಕಿ ಬಲಗಡೆಗೆ ಬರತೊಡಗಿದರು. ಅದು ಯಾರಿಗೂ ಭಾರವಾದಂತೆ ಕಾಣಲಿಲ್ಲ. ಕೆಲವು ವರ್ಷಗಳಲ್ಲಿ ಇತರರು ಟೈಪ್ ಮಾಡಿದ್ದನ್ನು ಕೇಳಿ ತಿದ್ದುವ ಕೆಲಸಕ್ಕೆ ನನ್ನನ್ನು ಏರಿಸಿದರು.

ಕೆಲಸಕ್ಕೆ ಸೇರಿದ ವರ್ಷವೇ ಕಲಬುರಗಿಯಿಂದ ಒಂದು ಮನೆಯವರು ನನ್ನನ್ನು ನೋಡಲು ಬಂದರು. ಉಪ್ಪಿಟ್ಟು ಕೊಟ್ಟಾಯಿತು, ಊರು ಬಳಗದ ಮಾತಾಯಿತು. ಹುಡುಗನ ತಾಯಿ ಚಹಾ ಎತ್ತಿಕೊಳ್ಳುವ ಹೊತ್ತಿಗೆ ಅವ್ವ ನನ್ನ ಪಕ್ಕಕ್ಕೆ ಬಂದು ಕುಳಿತಳು.

“ಒಂದು ಮಾತು ಹೇಳಬೇಕ್ರಿ,” ಎಂದಳು. “ನಮ್ಮ ಹುಡುಗಿಗಿ ಎಡಗಿವಿ ಕೇಳಸೂದಿಲ್ಲ. ಸಣ್ಣಾಕಿದ್ದಾಗ ಆಪ್ರೇಶನ್ ಆಗೇತಿ. ಕೇಳೂದೇ ಈಕಿ ನೌಕರಿ ಐತ್ರಿ, ಭಾಳ ಚಲೋ ಮಾಡಾಕತ್ತಾಳ.”

ಅವರು ಚಹಾ ಮುಗಿಸಿ, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೊರಟರು. ಬಾಗಿಲು ಹಾಕಿ ಬಂದ ಅವ್ವ ಬೆವರೊರೆಸಿಕೊಂಡು ನನ್ನ ಮುಖ ನೋಡಿದಳು.

“ಹೋಗ್ಲಿ ಬಿಡು,” ಎಂದಳು. “ಉಪ್ಪಿಟ್ಟು ಉಳದೈತಿ. ನೀ ಉಣ್ಣು.”

ಅಪ್ಪನನ್ನೂ ಕರೆದು ಮೂವರೂ ನೆಲದ ಮೇಲೆ ಕುಳಿತು ತಿಂದೆವು. ಆ ಸಂಬಂಧ ಆಗಲಿಲ್ಲ.