ಕತ್ತೆ ಕೂಗಿದ ಸ್ಲೈಡು

ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಸ್ಲೈಡು ಮಾಡುವ ಹುಚ್ಚಿದೆ. ಕೊಡಿಗೇನಹಳ್ಳಿ ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳುವ ನಾನು, ಸಂಜೆ ಮನೆಗೆ ಬಂದರೆ ಹೆಂಡತಿ ಕೊಟ್ಟ ಕಾಫಿ ಆರಿ ನೀರಾಗುವವರೆಗೆ, ಬಾಣದ ಗುರುತು ಎಡಕ್ಕಿರಲೋ ಬಲಕ್ಕಿರಲೋ ಎಂದು ಒದ್ದಾಡುತ್ತೇನೆ. ಪರದೆಯ ಮೇಲೆ ಪ್ರಶ್ನೆ, ಕೆಳಗೆ ನಾಲ್ಕು ಗುಂಡಿ. ಮಕ್ಕಳೇ ಬಂದು ಒತ್ತಬೇಕು. ಸರಿಯಾದರೆ ಚಪ್ಪಾಳೆ, ತಪ್ಪಾದರೆ ಕತ್ತೆಯ ಕೂಗು. ಕತ್ತೆ ನನ್ನದೇ ಐಡಿಯಾ. ಮಕ್ಕಳು ಬೇಕೆಂದೇ ತಪ್ಪು ಒತ್ತಿ ಅದನ್ನು ಕೂಗಿಸುತ್ತಿದ್ದರೂ, ಕಲಿಕೆಯಲ್ಲಿ ಎಂಥ ಆಸಕ್ತಿ ಎಂದು ಬೀಗುತ್ತಿದ್ದೆ.

ಈ ಕೀರ್ತಿ ಮಧುಗಿರಿಯವರೆಗೆ ಹಬ್ಬಿ, ಒಂದು ದಿನ ಅಧಿಕಾರಿಯೊಬ್ಬರು ನಾಲ್ಕಾರು ಮೇಷ್ಟ್ರುಗಳನ್ನು ಕಟ್ಟಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪ್ರಶ್ನೆ ಹಾಕಿದೆ: ಕಡಲೆಕಾಯಿ ಗಿಡದ ಯಾವ ಭಾಗದಿಂದ ಹುಟ್ಟುತ್ತದೆ? ಬೇರು, ಕಾಂಡ, ಎಲೆ, ಹೂವು.

ಎದ್ದ ಕೈ ವೆಂಕಟಲಕ್ಷ್ಮಿಯದು. ಅಯ್ಯೋ ಶಿವನೇ ಅಂದುಕೊಂಡೆ. ಪಾವಗಡದ ಕಡೆಯ ಹುಡುಗಿ, ಮನೆಮಾತು ತೆಲುಗು. ತನ್ನ ಕನ್ನಡ ಕೇಳಿ ನಗುತ್ತಾರೆಂದು ವರ್ಷವೆಲ್ಲ ತುಟಿ ಬಿಚ್ಚಿರಲಿಲ್ಲ. ಇವತ್ತು ಇವಳಿಗೆ ಅವಮಾನವಾದರೆ ಆ ಕೈ ಮತ್ತೆ ಏಳುವುದಿಲ್ಲವೆಂದು ನನಗೆ ಗೊತ್ತಿತ್ತು.

ಹೂವು ಒತ್ತಿದಳು. ಕತ್ತೆ ಕೂಗಿತು. ತರಗತಿ ಗೊಳ್ಳೆಂದಿತು. ಅವಳು ಮತ್ತೆ ಹೂವನ್ನೇ ಒತ್ತಿದಳು. ಮತ್ತೆ ಕತ್ತೆ.

"ಬೇರು ಒತ್ತಮ್ಮೀ!" ಎಂದು ಯಾರೋ ಕೂಗಿದರು.

ಹುಡುಗಿಯ ಕಣ್ಣು ತುಂಬಿತು. "ಕಾದು ಸಾ," ಎಂದಳು. ಅಲ್ಲ ಅಂತ, ಗಾಬರಿಗೆ ತೆಲುಗೇ ಬಂದಿತ್ತು. "ಬೇರಲ್ಲ ಸಾ. ಹೂವಿಂದ ಊಡು ಅಂತ ದಾರದಂಗೆ ಒಂದು ಇಳ್ದು ಮಣ್ಣೊಳಕ್ಕೆ ಓಗ್ತೈತೆ, ಅದ್ರ ತುದೀಗೇ ಕಾಯಿ ಕಟ್ಟೋದು. ಅದ್ಕೇ ಅಲ್ವಾ, ಊಡು ಇಳಿದ್ಮ್ಯಾಕೆ ನಮ್ಮಮ್ಮ ಹೊಲದಾಗೆ ಕುಂಟೆ ಹೊಡ್ಯಾಕೇ ಬುಡಲ್ಲ?"

ಸರಿಯುತ್ತರ ಬೇರು ಎಂದು ಆ ಕತ್ತೆಗೆ ಹೇಳಿಕೊಟ್ಟವನು ನಾನೇ. ಮಣ್ಣಿನೊಳಗೆ ಸಿಗುವುದೆಲ್ಲ ಬೇರೇ ಎಂಬ ಅವಸರ. ಅದೂ ಕಡಲೆಕಾಯಿ ಬೆಳೆಯುವವರ ಮನೆಯಲ್ಲಿ ಹುಟ್ಟಿ, ಹುರಿದದ್ದು ಬೇಯಿಸಿದ್ದು ಎಲ್ಲ ತಿಂದು ಬೆಳೆದವನು!

'ತಾಂತ್ರಿಕ ದೋಷ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆಹಾ, ಎಂಥ ಅನುಕೂಲದ ಮಾತು! ಹಳೆಯ ಕಾಲದ ಮೇಷ್ಟ್ರಿಗೆ ಈ ಸೌಕರ್ಯವಿರಲಿಲ್ಲ. ತಪ್ಪು ಏಟು ಬಿದ್ದರೆ ಬೆತ್ತದ ಮೇಲೆ ಹೊರಿಸುವಂತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಪಿಸುಮಾತು ಎದ್ದಿತ್ತು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ತಪ್ಪು ಕಂಪ್ಯೂಟರ್‌ದಲ್ಲ, ನಂದು. ವೆಂಕಟಲಕ್ಷ್ಮಿ ಹೇಳಿದ್ದೇ ಸರಿ," ಎಂದೆ. ಅಧಿಕಾರಿ ಒಮ್ಮೆ ಕೆಮ್ಮಿ ಏನೋ ಬರೆದುಕೊಂಡರು. ಏನು ಬರೆದರೋ, ಇವತ್ತಿಗೂ ಗೊತ್ತಿಲ್ಲ.

ಕತ್ತೆಯನ್ನು ಅಂದೇ ಓಡಿಸಿದೆ. ಈಗ ಪ್ರತಿ ಸ್ಲೈಡಿನಲ್ಲೂ ಐದನೆಯ ಗುಂಡಿಯೊಂದಿದೆ: 'ಮೇಷ್ಟ್ರೇ ತಪ್ಪು.' ಮುಂಡೇವು ಪ್ರಶ್ನೆ ಓದುವ ಮೊದಲೇ ಅದನ್ನು ಒತ್ತುತ್ತವೆ. ಒಮ್ಮೊಮ್ಮೆ ಅದೇ ಸರಿಯೂ ಇರುತ್ತದೆ, ಏನು ಮಾಡಲಿ! ವೆಂಕಟಲಕ್ಷ್ಮಿ ಮಾತ್ರ ಅದನ್ನು ಇದುವರೆಗೆ ಮುಟ್ಟಿಲ್ಲ. ಅವಳಿಗೆ ಗುಂಡಿ ಬೇಡ. ಎದ್ದು ನಿಂತು ಬಾಯಿಬಿಟ್ಟೇ ಹೇಳುತ್ತಾಳೆ.